ಎಡಗಡೆಯ ಪೆಡಲು

"ಈ ಟಕಿ ಕೈಗೆ ಸ್ಪ್ಯಾನರ್ ಕೊಡೋದೂ ಒಂದೇ, ತೋಳದ ಕೈಗೆ ಕುರಿ ಕಾಯೋ ಕೋಲು ಕೊಡೋದೂ ಒಂದೇ," ಎಂದ ಟ್ರಿಗ್, ನನ್ನ ಕಡೆ ಬೆರಳು ತೋರಿಸಿ. ಹೋಟೆಲಿನ ಅಂಗಳದಲ್ಲಿ ಬಿಯರ್ ಲೋಟ ಹಿಡಿದಿದ್ದ ಹತ್ತು ಜನ ಸವಾರರೂ ನಕ್ಕರು.

ಟ್ರಿಗ್ ನಮ್ಮ ಕಾವೆಂಟ್ರಿ ಸೈಕಲ್ ಕ್ಲಬ್ಬಿನ ನಾಯಕ, ರೇಷ್ಮೆ ವ್ಯಾಪಾರಿಯ ಮಗ. ಗಾಳಿ ತುಂಬಿದ ಟೈರು ಬಂದಿದ್ದೇ ತಡ, ಇಂಥವರೆಲ್ಲ ಸೈಕಲ್ ಹತ್ತಿಬಿಟ್ಟರು. ಬೆಳಿಗ್ಗೆ ಇಳಿಜಾರಿನಲ್ಲಿ ಎಡಗಡೆಯ ಪೆಡಲು ಕಳಚಿ ಟ್ರಿಗ್ ಬೇಲಿಯೊಳಕ್ಕೆ ಬಿದ್ದಿದ್ದ. ತಿಂಗಳಲ್ಲಿ ಎರಡನೇ ಸಲ. ಸವಾರಿಗೆ ಮುಂಚೆ ಎಲ್ಲರ ಗಾಡಿ ಬಿಗಿಯುವವನು ಸೈಕಲ್ ಕಾರ್ಖಾನೆಯ ಕೆಲಸಗಾರನಾದ ನಾನು. ಶನಿವಾರದ ಪಂದ್ಯದಲ್ಲಿ ಅವನು ಸೋಲಲೆಂದು ಎದುರಾಳಿ ಬರ್ಮಿಂಗ್‌ಹ್ಯಾಮಿನವರಿಂದ ಲಂಚ ತಿಂದಿದ್ದೇನೆಂದು ಅವನ ಗುಮಾನಿ. ಆ ಹೆಸರು ಅಂಟಿದರೆ ಈ ಊರಿನ ಒಂದು ಕಾರ್ಖಾನೆಯೂ ನನಗೆ ಬಾಗಿಲು ತೆಗೆಯುವುದಿಲ್ಲ.

ನನಗೂ ಗುಮಾನಿಯಿತ್ತು. ಕಾರ್ಯದರ್ಶಿ ಪಾರ್ಜಿಟರ್ ಮೇಲೆ. ಟ್ರಿಗ್ ಬಿದ್ದರೆ ನಾಯಕನಾಗುವವನು ಅವನೇ.

"ನಾನು ಬಿಗಿದ ಮೇಲೆ ಗಾಡಿ ಮುಟ್ಟಿದ್ದು ಯಾರು?" ಎಂದು ಪಾರ್ಜಿಟರ್‌ನನ್ನೇ ನೋಡಿ ಕೇಳಿದೆ.

"ನಾನೇ ಕಣೋ," ಎಂದ ಟ್ರಿಗ್. "ನಿನ್ನ ನಂಬಿ ಜೀವ ಕಳ್ಕೊಳ್ಲಾ? ಪ್ರತಿ ಸಲ ನಾನೂ ಒಂದು ಕೈ ಬಿಗಿತೀನಿ. ಬಲಗಡೆದು ಅಲ್ಲಾಡಲ್ಲ. ಎಡಗಡೆದು ಮಾತ್ರ ತಿರುಗುತ್ತೆ. ಅಂದ್ರೆ ನೀನು ಬಿಗಿದೇ ಇರಲ್ಲ."

ನನಗೆ ಆಗ ಹೊಳೆಯಿತು. ಎಡಗಡೆಯ ಪೆಡಲನ್ನು ಸಿಕ್ಕಿಸಿ, ಎಲ್ಲರೆದುರಿಗೆ ಬಲವೆಲ್ಲ ಹಾಕಿ ಬಿಗಿದೆ.

"ಈಗ ನೀವು ಬಿಗೀರಿ ಯಜಮಾನ್ರೇ."

ಅವನು ಡಬ್ಬಿಯ ಮುಚ್ಚಳ ಬಿಗಿಯುವಂತೆ ಬಲಕ್ಕೆ ತಿರುಗಿಸಿದ. "ನೋಡ್ರಪ್ಪ, ತಿರುಗ್ತಿದೆ," ಎಂದ. ಇನ್ನೂ ತಿರುಗಿಸಿದ. ಪೆಡಲು ಕಳಚಿ ಅವನ ಕೈಗೇ ಬಂತು.

ತುಳಿತಕ್ಕೆ ಬಿಚ್ಚಿಕೊಳ್ಳದಿರಲೆಂದೇ ಎಡಗಡೆಯ ಪೆಡಲಿನ ತಿರುಪನ್ನು ಉಲ್ಟಾ ಕೊರೆದಿರುತ್ತಾರೆ. ಅದನ್ನು ಎಡಕ್ಕೆ ಬಿಗಿಯಬೇಕು. ನಮ್ಮಲ್ಲಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ವಾರವೇ ಗೊತ್ತಾಗುವ ವಿಷಯ. ಇಷ್ಟು ದಿನ ತನ್ನ ಪೆಡಲನ್ನು ತಾನೇ ಬಿಚ್ಚಿಕೊಂಡು ಸವಾರಿ ಹೊರಡುತ್ತಿದ್ದ, ಪುಣ್ಯಾತ್ಮ.

ಯಾರೂ ನಗಲಿಲ್ಲ. ಉಲ್ಟಾ ತಿರುಪಿನ ವಿಷಯ ನಾನು ಬಿಡಿಸಿ ಹೇಳಿದ ಮೇಲೂ, ನಗಬಹುದೋ ಇಲ್ಲವೋ ಎಂದು ಟ್ರಿಗ್ ಮುಖವನ್ನೇ ನೋಡಿದರು.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದ ಟ್ರಿಗ್, ಕಿವಿ ಕೆಂಪಾಗಿತ್ತು. "ಬೇಕಂತ್ಲೇ ಮುಚ್ಚಿಟ್ಟಿದ್ದೀಯ."

"ಇರ್ಬಹುದು, ಇರ್ಬಹುದು," ಎಂದ ಪಾರ್ಜಿಟರ್.

"ಶನಿವಾರ ಆರು ಗಂಟೆಗೆ ಬಂದು ಬಿಗಿದು ಕೊಡು," ಎಂದ ಟ್ರಿಗ್. " ನಾನು ಪಕ್ಕದಲ್ಲೇ ನಿಂತಿರ್ತೀನಿ."

ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಗೇಟಿನ ಕಡೆ ನಡೆದೆ.

"ಏಯ್ ಟಕಿ, ಶನಿವಾರ ಬರ್ತೀಯೋ ಇಲ್ವೋ?"

ಬೀದಿಗೆ ಇಳಿದೆ. ತಿರುಗಿ ನೋಡಲಿಲ್ಲ.