ಮೂರನೆಯ ಕಚ್ಚು

ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಮನೆಗೆ ಅವರ ಮಾವನ ಗ್ಯಾರೇಜಿನಲ್ಲಿದ್ದ ಹಳೇ ಕಾರು ಬಂದಾಗ, "ಸದ್ಯ, ಇವ್ರ ಕೈಗೊಂದು ಕೆಲಸ ಸಿಕ್ತು" ಎಂದು ಮೇಷ್ಟ್ರ ಹೆಂಡತಿ ನಿಟ್ಟುಸಿರು ಬಿಟ್ಟಿದ್ದರು. ಆ ನೆಮ್ಮದಿ ಒಂದು ವಾರವೂ ಬಾಳಲಿಲ್ಲ. ನೀರಿನ ಹಂಗಿಲ್ಲದೆ ಗಾಳಿಯಿಂದಲೇ ತಣಿಯುವ ಆ ಹಿಂಬದಿ ಎಂಜಿನ್ನು ದಿಬ್ಬ ಕಂಡರೆ ಸಾಕು, ಕೆಮ್ಮಿ, ಸೀನಿ, ಕೊನೆಗೆ ಢಂ ಎಂದು ಗುಂಡು ಹಾರಿಸುತ್ತಿತ್ತು. ಎದುರುಮನೆಯ ಮುದುಕ ಎರಡು ಸಲ ಮಂಚದ ಕೆಳಗೆ ನುಸುಳಿದ್ದ.

ಗುಟ್ಟೆಲ್ಲ ಕ್ರ್ಯಾಂಕ್ ಪುಲ್ಲಿಯಲ್ಲಿದೆ ಎಂದು ಮೇಷ್ಟ್ರು ಕಂಡುಹಿಡಿದರು. ಫ್ಯಾನ್ ಬೆಲ್ಟನ್ನು ತಿರುಗಿಸುವ, ತಟ್ಟೆಯಂಥ ಚಕ್ರ ಅದು. ಅದರ ಅಂಚಿನಲ್ಲಿ ಗುರುತಿಗೆಂದು ಕೊರೆದ ಕಚ್ಚುಗಳಲ್ಲಿ ಸರಿಯಾದದ್ದು ಎಂಜಿನ್ನಿನ ನಡುಗೆರೆಗೆ ನೇರವಾದಾಗ ಪೆಟ್ರೋಲು ಹೊತ್ತಿಸುವ ಕಿಡಿ ಹಾರಬೇಕು. ಯಾವ ಕಾಲದ ಪುಲ್ಲಿಗೆ ಎಷ್ಟು ಕಚ್ಚು ಎಂಬುದಕ್ಕೆ ಪಟ್ಟಿಗಳಿವೆ. ಆದರೆ ಈ ಪುಲ್ಲಿಗಿದ್ದ ಮೂರನೆಯ ಕಚ್ಚು ಯಾವ ಪಟ್ಟಿಯಲ್ಲೂ ಇರಲಿಲ್ಲ.

"ಪರೀಕ್ಷೆಗೆ ಅಂತ ಕಾರ್ಖಾನೆಯವ್ರು ಒಂದೇ ಒಂದು ಮಾಡಿರ್ತಾರೆ. ಅದು ನಮ್ಮನೇಲಿದೆ!" ಎಂದು ಮೇಷ್ಟ್ರು ಆ ಕಚ್ಚಿಗೇ ಕಿಡಿ ಹೊಂದಿಸಿದರು. ಢಂ ಶಬ್ದ ಇಮ್ಮಡಿಯಾಯಿತು.

"ನಮ್ಮಮ್ಮನ್ನ ಒಂದ್ಮಾತು ಕೇಳಬಾರ್ದಾ?" ಎಂದರು ಹೆಂಡತಿ. ಮೇಷ್ಟ್ರು ಅದನ್ನು ಚುಚ್ಚುಮಾತೆಂದೇ ತಿಳಿದರು. ಜೊತೆಯಲ್ಲೇ ಇದ್ದ ಎಂಬತ್ತರ ಅತ್ತೆ ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದರು. ಎರಡು ವರ್ಷ ಪ್ರತಿ ಸಂಜೆ ಮೇಷ್ಟ್ರು ಅವರೆದುರು ಪುಲ್ಲಿಯ ಚಿತ್ರ ಬಿಡಿಸಿ ವಿವರಿಸಿದರು. ಅತ್ತೆ "ಹೌದಾ? ಪರವಾಗಿಲ್ವೇ!" ಎನ್ನುತ್ತಿದ್ದರು, ಅಷ್ಟೆ.

ಒಂದು ಭಾನುವಾರ ಬೆಳಿಗ್ಗೆ ಹಳೇ ಕಾರು ಸಂಘದ ಆರು ಮಂದಿ ಈ ಅಪರೂಪವನ್ನು ನೋಡಲು ಬಂದರು. ಅವರ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಯಾವ ಕಾಲದ್ದೆಂದು ಮೇಷ್ಟ್ರಿಂದ ಗುರುತು ಹಿಡಿಸಿಕೊಳ್ಳಲೆಂದು ಎಲ್ಲರೂ ತಂತಮ್ಮ ಪುಲ್ಲಿಗಳನ್ನೂ ಚೀಲದಲ್ಲಿ ತಂದಿದ್ದರು. ಮೇಷ್ಟ್ರು ಪುಲ್ಲಿಯನ್ನು ಬಿಚ್ಚಿ, ಉಜ್ಜಿ, ಮಖಮಲ್ಲಿನ ಮೇಲಿಟ್ಟು ನಲವತ್ತು ನಿಮಿಷ ಭಾಷಣ ಬಿಗಿದರು. ಡಾಕ್ಟರು ಜೇಬಿನಿಂದ ಹಲ್ಲು ನೋಡುವ ಕನ್ನಡಿ ತೆಗೆದು ಕಚ್ಚಿನೊಳಗೆ ಇಣುಕಿದರು.

"ಮೇಷ್ಟ್ರೇ, ಇದು ಗರಗಸದಲ್ಲಿ ಕುಯ್ದ ಹಾಗಿದೆ."

"ಬಾಯೊಳಗೆ ನೋಡೋರಿಗೆ ಪುಲ್ಲಿ ಏನು ಗೊತ್ತಾಗುತ್ತೆ?"

"ಗರಗಸವೇ," ಎಂದರು ಅತ್ತೆ ಬಾಗಿಲಲ್ಲಿ ನಿಂತು. "ನಾನೇ ಕುಯ್ದಿದ್ದು. ಪಕ್ಕದ ಗ್ಯಾರೇಜಿನವನ ಕೈ ಸ್ವಲ್ಪ ಉದ್ದ. ನಮ್ಮ ಪುಲ್ಲಿ ಎತ್ಕೊಂಡು ಹೋಗಿ ತನ್ನದೇ ಅಂತಿದ್ದ. ಅದಕ್ಕೇ ಗುರುತಿಗೆ ಅಂತ ಒಂದು ಕಚ್ಚು ಹಾಕಿದ್ದೆ. ಕಿಡಿಗೂ ಅದಕ್ಕೂ ಏನು ಸಂಬಂಧ?"

ಮೇಷ್ಟ್ರು ಇಂಗು ತಿಂದ ಮಂಗನಾದರು. "ನೀವಾ? ನೀವು ಗ್ಯಾರೇಜಿಗೆ ಊಟ ತರ್ತಿದ್ರಿ ಅಲ್ವಾ?"

"ಊಟ ತರ್ತಿದ್ದಿದ್ದು ನಿಮ್ಮ ಮಾವ. ರುಚಿಯಾಗಿ ಅಡುಗೆ ಮಾಡೋರು, ಪಾಪ. ಸ್ಪ್ಯಾನರ್ ಮಾತ್ರ ಅವ್ರ ಕೈಗೆ ಕೊಡೋ ಹಾಗಿರ್ಲಿಲ್ಲ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ಲ ಅಳಿಯಂದ್ರೇ. ಅಲ್ದೆ ಚಿತ್ರ ಎಷ್ಟು ಚೆನ್ನಾಗಿ ಬರೀತಿದ್ರಿ! ಹೇಳಿದ್ರೆ ನಿಲ್ಲಿಸಿಬಿಡ್ತೀರಿ ಅಂತ ಸುಮ್ನಾದೆ."

ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಪುಲ್ಲಿಯನ್ನು ಮರಳಿ ಕೂರಿಸಿ, ಎಡಗಡೆಯ ಕಚ್ಚನ್ನು ಗೆರೆಗೆ ತಂದು, ಪುಟ್ಟ ಬಲ್ಬಿಗೆ ತಂತಿ ಕಟ್ಟಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದರು. ಬಲ್ಬು ಮಿನುಗಿದ ಕ್ಷಣ ಬೋಲ್ಟು ಬಿಗಿದರು. ಕಾಲು ಗಂಟೆಯ ಕೆಲಸ. ಅತ್ತೆಯೇ ಓಡಿಸಿದ ಕಾರು ದಿಬ್ಬವನ್ನು ಹಾಡು ಗುನುಗಿದಂತೆ ಹತ್ತಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ಮೇಷ್ಟ್ರಿಗೆ ನಾಚಿಕೆಯಾಯಿತು. ಜೊತೆಗೇ, ತಡೆಯಲಾರದಷ್ಟು ಖುಷಿಯೂ ಆಯಿತು.

ವಾಪಸು ಬಂದೊಡನೆ ಸಂಘದವರು ಚೀಲ ಹಿಡಿದು ಸಾಲಾಗಿ ನಿಂತರು. ಮೇಷ್ಟ್ರ ಮುಂದಲ್ಲ, ಅತ್ತೆಯ ಮುಂದೆ. ಅತ್ತೆ ಕಣ್ಣು ಮುಚ್ಚಿ ಒಂದೊಂದೇ ಪುಲ್ಲಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸತೊಡಗಿದರು.

"ಇದು ಹಳೇ ಆರು ವೋಲ್ಟ್ ಬ್ಯಾಟರಿ ಕಾಲದ್ದು. ಇದು ಆಮೇಲಿಂದು, ಒಳ್ಳೇದು, ಜೋಪಾನ. ಇದು... ಯಾವುದೋ ಹಿಟ್ಟಿನ ಗಿರಣೀದು."

"ಹನ್ನೊಂದು ವರ್ಷದಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ!" ಎಂದು ಡಾಕ್ಟರು ನರಳಿದರು.

ಮೇಷ್ಟ್ರಿಗೆ ಮನಸ್ಸು ಎಷ್ಟೋ ಹಗುರಾಯಿತು. ಚೀಟಿ, ಮಸಿ, ಕುಂಚ ತಂದು ಅತ್ತೆಯ ಪಕ್ಕ ಕೂತು, ಒಂದೊಂದು ಪುಲ್ಲಿಗೂ ದುಂಡಕ್ಷರದಲ್ಲಿ ಹೆಸರು ಬರೆಯತೊಡಗಿದರು. ಡಾಕ್ಟರ ಚೀಟಿಯಲ್ಲಿ "ಗಿರಣಿ" ಎಂಬುದನ್ನು ಮಾತ್ರ ಸ್ವಲ್ಪ ದಪ್ಪಗೆ ಬರೆದರು.