ಹಲ್ಲಿನ ಅಚ್ಚು

"ಇನ್ನೂ ಸ್ವಲ್ಪ ತೆರಿ," ಎಂದ ದಂತವೈದ್ಯ. ಕುರ್ಚಿಯಲ್ಲಿ ಒರಗಿದ್ದ ಹುಡುಗಿ ಬಾಯಿ ತೆರೆದಳು. ಹೆಂಡತಿಯ ಮಗಳು. ಮದುವೆಯಾಗಿ ವರ್ಷ ಕಳೆದರೂ 'ನನ್ನ ಮಗಳು' ಎನ್ನಲು ಅವನಿಗೆ ನಾಲಿಗೆ ಹೊರಳಿರಲಿಲ್ಲ. ಅವಳೂ ಅಷ್ಟೇ, ಮನೆಯಲ್ಲೂ 'ಡಾಕ್ಟ್ರೇ' ಎಂದೇ ಕರೆಯುತ್ತಿದ್ದಳು. ಊಟಕ್ಕೆ ಬನ್ನಿ ಡಾಕ್ಟ್ರೇ. ಛತ್ರಿ ಮರೆತ್ರಿ ಡಾಕ್ಟ್ರೇ. ಇಷ್ಟು ಮರ್ಯಾದೆಯನ್ನು ಅವನಿಗೆ ಯಾವ ರೋಗಿಯೂ ಕೊಟ್ಟಿರಲಿಲ್ಲ.

ಮುಂದಿನ ಎರಡು ಹಲ್ಲುಗಳ ನಡುವೆ ಸಂದು. ಅದೇ ಸಂದು ಮನೆಯ ಹಜಾರದ ಗೋಡೆಯ ಮೇಲೂ ಇತ್ತು, ತೀರಿಕೊಂಡ ಮೊದಲ ಗಂಡನ ನಗುವ ಫೋಟೋದಲ್ಲಿ. ಫೋಟೋ ತೆಗೆಯಕೂಡದೆಂದು ಹಟ ಹಿಡಿದವನು ಇವನೇ. ಓದಿದವನು, ವಿಶಾಲ ಮನಸ್ಸಿನವನು. ಆಮೇಲೆ ದಿನವೂ ಚಹಾ ಕುಡಿಯುತ್ತ ಸತ್ತವನ ಹಲ್ಲು ಪರೀಕ್ಷಿಸುವುದು ಅಭ್ಯಾಸವಾಯಿತು. ಒಸಡು ಚೆನ್ನಾಗಿತ್ತು.

ಮಗಳ ಹಲ್ಲಿಗೆ ತಂತಿ ಹಾಕಿಸುವ ಮಾತೆತ್ತಿದ್ದು ಹೆಂಡತಿ. "ಅವಳು ನಕ್ಕಾಗೆಲ್ಲ ಅವರೇ ನಕ್ಕ ಹಾಗಾಗತ್ತೆ. ಆ ಸಂದು ಮುಚ್ಚಿಬಿಡಿ," ಎಂದಿದ್ದಳು. ಅವನು ವೈದ್ಯಕೀಯ ಕಾರಣಗಳನ್ನೆಲ್ಲ ವಿವರಿಸಿ ಒಪ್ಪಿಕೊಂಡ. ಒಳಗೊಳಗೇ ಹಿಗ್ಗಿದ್ದ.

ಲೇಪ ತುಂಬಿದ ಅಚ್ಚಿನ ತಟ್ಟೆಯನ್ನು ಮೇಲಿನ ಹಲ್ಲಿಗೆ ಒತ್ತಿ ಹಿಡಿದ. ಗಟ್ಟಿಯಾಗುವವರೆಗೆ ಇಬ್ಬರೂ ಅಲುಗುವಂತಿಲ್ಲ. ಅವಳ ಬಾಯಲ್ಲಿ ಅವನ ಬೆರಳು, ಅವಳ ಕಣ್ಣಲ್ಲಿ ನೀರು. ಎಲ್ಲರಿಗೂ ಬರುವ ನೀರು ಎಂದುಕೊಂಡ. ಇಷ್ಟು ಹತ್ತಿರ ಅವರು ಎಂದೂ ಇದ್ದಿರಲಿಲ್ಲ. ಅವನಿಗೆ ಸಂತೋಷವೇ ಆಯಿತು.

ಬಾಯಿ ಮುಕ್ಕಳಿಸಿದ ಮೇಲೂ ಅವಳು ಹೋಗದೆ ಕೂತಳು. ಪ್ಲಾಸ್ಟರ್ ಹೊಯ್ದು, ಒಣಗಿಸಿ, ಬಿಡಿಸಿದ. ಅಂಗೈ ಮೇಲೆ ಬಿಳಿ ಹಲ್ಲುಸಾಲು, ಸಂದು ಸಮೇತ.

"ಇದನ್ನ ನನಗೆ ಕೊಡ್ತೀರಾ?"

"ತಂತಿ ಮಾಡೋಕೆ ಬೇಕು."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಕೊಡಿ, ಅಪ್ಪ."

ಕೊಟ್ಟುಬಿಟ್ಟ. ತಂತಿಗೆ ನಾಳೆ ಇನ್ನೊಮ್ಮೆ ಅಚ್ಚು ತೆಗೆದರಾಯಿತು. ಮನೆಯ ದಾರಿಯುದ್ದಕ್ಕೂ ಆ ಒಂದು ಮಾತನ್ನು ಮನಸ್ಸಿನಲ್ಲೇ ಹೊರಳಿಸಿದ. ಕೆಲಸವಾಗಲೆಂದು ಕರೆದದ್ದು ಎಂದು ಗೊತ್ತಿತ್ತು. ಆದರೂ ಖುಷಿಯಾಗಿತ್ತು.

ಸಂಜೆ ಫೋಟೋದ ಕೆಳಗೆ ಕೂತು ಪತ್ರಿಕೆ ಓದುತ್ತಿದ್ದಾಗ ಅವಳ ಕೋಣೆಯಿಂದ ಕೇಳಿಸಿತು: "ಅಪ್ಪಾ."

"ಬಂದೆ ಮಗಳೇ," ಎಂದ. ನಾಲಿಗೆ ಸಲೀಸಾಗಿ ಹೊರಳಿತ್ತು. ಎದ್ದು ಹೋದ.

ಅವಳು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಅವನ ದನಿ ಕೇಳಿಸಿದಂತಿರಲಿಲ್ಲ. ಮೇಜಿನತ್ತ ಬಾಗಿ, ಶಾಲೆಯಲ್ಲಿ ನಡೆದದ್ದೇನನ್ನೋ ಮೆಲ್ಲಗೆ ಹೇಳುತ್ತಿದ್ದಳು. ಅವನು ಹೊಸಿಲಲ್ಲೇ ನಿಂತ, ಬಾಯಿ ತೆರೆದುಕೊಂಡು. ಅವಳ ಹೆಗಲಾಚೆ, ಅವನೇ ಕೈಯಾರೆ ಹೊಯ್ದ ಬಿಳಿ ಹಲ್ಲುಗಳು ಸಂದು ಬಿಟ್ಟುಕೊಂಡು ಅವನತ್ತ ನಗುತ್ತಿದ್ದವು.