ಹನ್ನೆರಡರಲ್ಲಿ ಇಬ್ಬರು

ಲೂಸಿಯಾನಾದ ಕರಿಯರ ಚರ್ಚೊಂದರ ಅಡುಗೆಮನೆಯಲ್ಲಿ ವರ್ಡೆಲ್, ಅರ್ಲೀನ್ ಇಬ್ಬರೇ ಕುಳಿತು ಭಾನುವಾರದ ಊಟಕ್ಕೆ ಅಲಸಂದೆ ಸುಲಿಯುತ್ತಿದ್ದರು. ಒಂದೇ ಗಾಯನ ತಂಡದಲ್ಲಿ ದನಿಗೂಡಿಸುವ ಈ ಮುದುಕಿಯರು ಇಪ್ಪತ್ತೆರಡು ವರ್ಷದಿಂದ ಉಪ್ಪು ಕೊಡು, ಪಾತ್ರೆ ತೆಗಿ ಎನ್ನುವುದರಾಚೆ ಮಾತಾಡಿರಲಿಲ್ಲ.

ಅರ್ಲೀನಳ ಮಗ ಲೂಥರನ ಮೇಲೆ ಕೊಲೆ ಮೊಕದ್ದಮೆ ನಡೆದಾಗ ತೀರ್ಪು ಕೊಡಲು ಜ್ಯೂರಿಯಾಗಿ ಕೂತ ಊರಿನ ಹನ್ನೆರಡು ಜನರಲ್ಲಿ ಹತ್ತು ಮಂದಿ ಬಿಳಿಯರು. ಕರಿಯರು ಇಬ್ಬರೇ, ಒಬ್ಬಳು ವರ್ಡೆಲ್. ಎತ್ತರದ ಕರಿ ಹುಡುಗನೊಬ್ಬ ಓಡಿದ್ದನ್ನು ಕಂಡೆ ಎಂದು ಅಂಗಡಿಯವನು ಸಾಕ್ಷಿ ಹೇಳಿದ. ಲೂಥರ್ ಎತ್ತರವಾಗಿದ್ದ, ಅಷ್ಟೇ. ಜೀವಾವಧಿ ಆಯಿತು. ತಪ್ಪಿತಸ್ಥನೋ ಅಲ್ಲವೋ ಎಂದು ಯಾರು ಏನು ಬರೆದರೆಂಬ ಚೀಟಿಗಳನ್ನು ಜಡ್ಜ್ ಮುಚ್ಚಿಟ್ಟರು. ಅಂದಿನಿಂದ ಅರ್ಲೀನಳ ಕಣ್ಣಿಗೆ ವರ್ಡೆಲ್ ತನ್ನ ಮಗನನ್ನು ಒಪ್ಪಿಸಿಕೊಟ್ಟವಳು.

ವರ್ಡೆಲ್ ಬಾಯಿ ಬಿಡಲಿಲ್ಲ. ಮೊಕದ್ದಮೆಯ ಮಾತು ಯಾರೊಡನೆಯೂ ಆಡಕೂಡದೆಂದು ಜಡ್ಜ್ ಹೇಳಿದ್ದರು. ಅವಳು ದೇವರ ಹೆಸರಲ್ಲಿ ಕೈ ಎತ್ತಿದ್ದಳು. ಆ ಕಟ್ಟು ಸಾಯುವ ತನಕ ಎಂದೇ ತಿಳಿದಿದ್ದಳು. ಮೊನ್ನೆ, ಹಳೆಯ ಮೊಕದ್ದಮೆಗಳನ್ನು ಕೆದಕುವ ವಕೀಲೆಯೊಬ್ಬಳು ಮನೆಗೆ ಬಂದು, "ಅಮ್ಮಾ, ಅದು ತೀರ್ಪು ಬಂದ ದಿನಾನೇ ಮುಗೀತು" ಎಂದಳು. ಆ ರಾತ್ರಿ ವರ್ಡೆಲಳಿಗೆ ಪ್ರಾರ್ಥನೆಯೂ ಕೂಡಿಬರಲಿಲ್ಲ.

ಇವತ್ತು ಹೇಳಲೇಬೇಕು. ನಂಬುವಳೋ ಇಲ್ಲವೋ, ದೇವರಿಗೆ ಬಿಟ್ಟದ್ದು.

"ಅರ್ಲೀನ್, ಲೂಥರ್ ತಪ್ಪಿತಸ್ಥ ಅಂತ ನಾನು ಬರೀಲಿಲ್ಲ ಕಣೇ."

ಅರ್ಲೀನಳ ಬೆರಳು ನಿಲ್ಲಲಿಲ್ಲ. "ಈಗ ನೆನಪಾಯ್ತಾ ಸಿಸ್ಟರ್? ಇಷ್ಟು ವರ್ಷ ನಾಲಿಗೇನ ಎಲ್ಲಿ ಅಡ ಇಟ್ಟಿದ್ರಿ?"

"ಮಾತಾಡಬಾರದು ಅಂತ ಪ್ರಮಾಣ ಮಾಡಿದ್ದೆ. ಅಂಚೆ ಕಚೇರಿ ಕ್ಲೆಟಸ್, ನಾನು, ಇಬ್ರೂ ಇಲ್ಲ ಅಂತ ಬರೆದ್ವಿ. ಆಗೆಲ್ಲ ನಮ್ಮ ಲೂಸಿಯಾನಾದಲ್ಲಿ ಹನ್ನೆರಡರಲ್ಲಿ ಹತ್ತು ಜನ ಒಪ್ಪಿದ್ರೆ ಸಾಕಿತ್ತಲ್ಲ. ನಮ್ಮನ್ನ ಕೇಳೋರೇ ಇರ್ಲಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿಬಿಟ್ರು."

ವರ್ಡೆಲ್ ವಕೀಲೆ ಕೋರ್ಟಿನಿಂದ ತೆಗೆಸಿಕೊಟ್ಟ ಆ ಚೀಟಿಗಳ ನಕಲನ್ನು ಚೀಲದಿಂದ ತೆಗೆದು ಮುಂದಿಟ್ಟಳು. ಅರ್ಲೀನ್ ಕೈ ಒರೆಸಿಕೊಂಡು ಓದಿದಳು. ಮತ್ತೆ ಓದಿದಳು.

"ಇದ್ರಿಂದ ಅವನು ಹೊರಗೆ ಬರ್ತಾನಾ?"

"ಇಲ್ಲ. ಹನ್ನೆರಡೂ ಜನ ಒಪ್ಪಬೇಕು ಅಂತ ಈಗ ಕಾನೂನು ಬಂದಿದೆ. ಹಳೇ ಕೈದಿಗಳಿಗೆ ಅದು ಇಲ್ವಂತೆ."

"ಇರಲ್ಲ ಬಿಡು," ಎಂದಳು ಅರ್ಲೀನ್. "ನಮ್ಮೋರೇ ಕೈಬಿಟ್ರು ಅಂತ ಅವನು ದೇವರ ಹೆಸರೆತ್ತೋದೇ ಬಿಟ್ಟ. ನೀನು ಬಾಯಿ ಬಿಟ್ಟಿದ್ರೆ ಅಷ್ಟಾದ್ರೂ ಉಳೀತಿತ್ತು."

ಅರ್ಲೀನ್ ನಕಲನ್ನು ಮಡಿಸಿ ವರ್ಡೆಲಳತ್ತ ಸರಿಸಿದಳು.

"ಜೈಲಿನ ಭೇಟಿ ಪಟ್ಟಿಗೆ ನಿನ್ನ ಹೆಸರು ಬರೆಸ್ತೀನಿ. ಒಪ್ಪಿಗೆ ಬರೋಕೆ ಒಂದೂವರೆ ತಿಂಗಳು. ಬಸ್ಸಲ್ಲಿ ಮೂರು ಗಂಟೆ. ನೀನೇ ಹೇಳು ಅವನಿಗೆ. ನನಗೆ ಸಾಕಾಗಿದೆ."

"ಬರ್ತೀನಿ."

"ತಂತಿ ಇರೋ ಒಳಉಡುಪು ಹಾಕ್ಕೋಬೇಡ," ಎಂದಳು ಅರ್ಲೀನ್. "ತಪಾಸಣೆ ಯಂತ್ರ ಕೂಗುತ್ತೆ, ಬಾಗಿಲಲ್ಲೇ ವಾಪಸ್ ಕಳಿಸ್ತಾರೆ."